ಫೀಲ್ಡ್ ಟೆಸ್ಟ್ ಕೋಣೆಯಲ್ಲಿ ದೀಪ ಏಕೆ ಆರಿಸುತ್ತಾರೆ?

ರೋಗಿಗಳು ಹಾಗೂ ಜೊತೆಗೆ ಬಂದವರ ತಿಳುವಳಿಕೆಗಾಗಿ

ಗ್ಲಾಕೋಮಾ ಕಣ್ಣಿನ ನರವನ್ನು ಹಾಳು ಮಾಡುವ ಕಾಯಿಲೆ. ಬಹಳ ಮಂದಿಗೆ ನೋವಿರುವುದಿಲ್ಲ. ಎದುರಿಗಿರುವುದು ಚೆನ್ನಾಗಿಯೇ ಕಾಣುತ್ತಿರುತ್ತದೆ. ಸುತ್ತಲಿನ ನೋಟ ಮಾತ್ರ ಅಲ್ಲಲ್ಲಿ ಮಂಕಾಗುತ್ತಾ ಹೋಗುತ್ತದೆ. ಹೋದ ದೃಷ್ಟಿ ಮರಳಿ ಬಾರದು. ಬೇಗ ಗುರುತಿಸಿ ಚಿಕಿತ್ಸೆ ಪಡೆದರೆ ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ಈ ನಷ್ಟವನ್ನು ಅಳೆಯುವುದೇ ದೃಷ್ಟಿಕ್ಷೇತ್ರ ಪರೀಕ್ಷೆ. ರೂಢಿಯಲ್ಲಿ ಇದನ್ನು ಫೀಲ್ಡ್ ಟೆಸ್ಟ್ ಎನ್ನುತ್ತಾರೆ.

ಕಣ್ಣು ಗುರುತಿಸುವುದು ವ್ಯತ್ಯಾಸವನ್ನು

ಮತ್ತೋಡು ಹಿಂದೆ ಗಾಜಿನ ಬಳೆಗೆ ಹೆಸರಾದ ಊರು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಬಳೆಗಾಜಿನ ಬಗ್ಗೆ ಬರೆದಿದ್ದಾನೆ. ಒಂದು ಕಪ್ಪು ಬಳೆಯನ್ನು ಬಿಳಿ ಬಟ್ಟೆಯ ಮೇಲಿಡಿ, ಕೂಡಲೇ ಕಾಣುತ್ತದೆ. ಅದನ್ನೇ ಕರಿ ಕಂಬಳಿಯ ಮೇಲಿಟ್ಟರೆ ಹುಡುಕಬೇಕಾಗುತ್ತದೆ. ಮುಸ್ಸಂಜೆಯಲ್ಲಂತೂ ಸಿಗುವುದೇ ಇಲ್ಲ. ಬಳೆ ಬದಲಾಗಲಿಲ್ಲ, ಹಿನ್ನೆಲೆ ಬದಲಾಯಿತು, ಬೆಳಕು ಬದಲಾಯಿತು. ಬೆಳಕು ಬಹಳ ಕಡಿಮೆಯಾದಾಗ ಸಣ್ಣ ವ್ಯತ್ಯಾಸವನ್ನು ಗುರುತಿಸುವ ಶಕ್ತಿಯೂ ಕುಗ್ಗುತ್ತದೆ.

ಯಂತ್ರದೊಳಗೆ ನಡೆಯುವುದೇನು?

ಯಂತ್ರದ ಬಿಳಿ ಬೋಗುಣಿಯೊಳಗೆ ಸದಾ ಒಂದೇ ಪ್ರಮಾಣದ ಮೆಲುಬೆಳಕು ಇರುತ್ತದೆ. 1945ರಲ್ಲಿ ಹಾನ್ಸ್ ಗೋಲ್ಡ್‌ಮನ್ ರೂಪಿಸಿದ ಯಂತ್ರದಲ್ಲಿ ಇದು 31.5 ಅಪೋಸ್ಟಿಲ್ಬ್, ಇಂದಿನ ಹಂಫ್ರೆ ಯಂತ್ರಗಳಲ್ಲೂ ಅಷ್ಟೇ. ಆ ಹಿನ್ನೆಲೆಯ ಮೇಲೆ ಸಣ್ಣ ಬೆಳಕಿನ ಚುಕ್ಕಿ 0.2 ಸೆಕೆಂಡ್ ಮಿನುಗುತ್ತದೆ. ಹಿನ್ನೆಲೆಗಿಂತ ಚುಕ್ಕಿ ಎಷ್ಟು ಹೆಚ್ಚು ಬೆಳಗಿದರೆ ನಿಮಗೆ ಕಾಣುತ್ತದೆ ಎಂಬುದನ್ನು ಯಂತ್ರ ಒಂದೊಂದು ಜಾಗದಲ್ಲೂ ಅಳೆಯುತ್ತದೆ.

ಕೋಣೆಯ ದೀಪ ಅಥವಾ ಕಿಟಕಿಯ ಬಿಸಿಲು ಬೋಗುಣಿಯ ಮೇಲೆ ಬಿದ್ದರೆ ಹಿನ್ನೆಲೆ ಹೆಚ್ಚು ಬೆಳಗುತ್ತದೆ, ಮಂದ ಚುಕ್ಕಿ ಅದರಲ್ಲಿ ಮುಳುಗುತ್ತದೆ. ಆಗ ಇಲ್ಲದ ನಷ್ಟ ವರದಿಯಲ್ಲಿ ಬರಬಹುದು. ದೀಪ ಆರಿಸುವುದು ಇದಕ್ಕಾಗಿಯೇ. ಹಾಗೆಯೇ, ಬಿಸಿಲಿನಿಂದ ಬಂದ ಕಣ್ಣು ಮಂದ ಬೆಳಕಿಗೆ ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು. ಕಣ್ಣಿನ ಪಾಪೆ ತೀರಾ ಕಿರಿದಾಗಿದ್ದರೆ ಅಥವಾ ಪೊರೆ ಬಂದಿದ್ದರೆ ಇಡೀ ನೋಟವೇ ಮಂಕಾಗಿ ದಾಖಲಾಗಬಹುದು. ವೈದ್ಯರು ಇದನ್ನೂ ಗಮನದಲ್ಲಿಟ್ಟು ವರದಿ ಓದುತ್ತಾರೆ.

ನೀವು ಪಾಲಿಸಬೇಕಾದದ್ದು

1. ಬಿಸಿಲಿನಲ್ಲಿ ಬಂದಿದ್ದರೆ ಒಳಗೆ ಸ್ವಲ್ಪ ಹೊತ್ತು ಕುಳಿತು, ನಂತರ ಪರೀಕ್ಷೆಗೆ ಹೋಗಿ.

2. ಕನ್ನಡಕ, ಹಾಕುತ್ತಿರುವ ಔಷಧಿ, ಹಳೆಯ ವರದಿ ಜೊತೆಗಿರಲಿ. ವೈದ್ಯರು ಹೇಳದೆ ಗ್ಲಾಕೋಮಾ ಹನಿ ನಿಲ್ಲಿಸಬೇಡಿ.

3. ಕಣ್ಣು ನಡುವಿನ ಗುರುತಿನ ಮೇಲೇ ಇರಲಿ. ಚುಕ್ಕಿಯನ್ನು ಹುಡುಕಿಕೊಂಡು ಹೋಗಬೇಡಿ. ಧಾರಾಳವಾಗಿ ರೆಪ್ಪೆ ಮಿಟುಕಿಸಬಹುದು.

4. ಕಂಡಾಗ ಮಾತ್ರ ಗುಂಡಿ ಒತ್ತಿ. ಊಹೆಯಿಂದ ಒತ್ತಿದರೆ ನಿಜವಾದ ನಷ್ಟ ಮರೆಯಾಗಿ ಹೋಗುತ್ತದೆ.

5. ಹಲವು ಚುಕ್ಕಿಗಳು ಕಾಣದಿದ್ದರೆ ಗಾಬರಿ ಬೇಡ. ಕಂಡೂ ಕಾಣದಂಥ ಬೆಳಕನ್ನೇ ಯಂತ್ರ ಬೇಕೆಂದು ತೋರಿಸುತ್ತದೆ, ಆರೋಗ್ಯವಂತರಿಗೂ ಹಾಗೆಯೇ.

6. ದಣಿವಾದರೆ ಹೇಳಿ. ಪರೀಕ್ಷೆ ನಿಲ್ಲಿಸಿ ಮುಂದುವರಿಸಬಹುದು.

ಜೊತೆಗೆ ಬಂದವರು ಪರೀಕ್ಷೆ ಮುಗಿಯುವವರೆಗೆ ಬಾಗಿಲು ತೆರೆಯಬೇಡಿ, ಮೊಬೈಲ್ ಬೆಳಗಿಸಬೇಡಿ, "ಕಾಣ್ತಾ ಇದೆಯಾ?" ಎಂದು ಕೇಳಬೇಡಿ. ರೋಗಿಯ ಒಡಹುಟ್ಟಿದವರು ಮತ್ತು ಮಕ್ಕಳಿಗೂ ಗ್ಲಾಕೋಮಾ ಬರುವ ಸಂಭವ ಹೆಚ್ಚು. ಅವರೂ ಒಮ್ಮೆ ಕಣ್ಣು ತೋರಿಸಿಕೊಳ್ಳುವುದು ಒಳ್ಳೆಯದು.

ಇಂದಿನ ವರದಿಯನ್ನು ಮುಂದಿನ ವರದಿಯೊಂದಿಗೆ ಹೋಲಿಸಿ ನೋಡಿದಾಗಲೇ ಕಾಯಿಲೆ ನಿಂತಿದೆಯೋ ಹೆಚ್ಚುತ್ತಿದೆಯೋ ತಿಳಿಯುವುದು. ಆದ್ದರಿಂದ ಪ್ರತಿ ಸಲವೂ ಇದೇ ಕ್ರಮ ಪಾಲಿಸಿ, ವರದಿಯನ್ನು ಜೋಪಾನವಾಗಿಡಿ.