ಈ ಕತೆ ಯಾರಿಗಮ್ಮಾ?

ನೀನು ಕಳಿಸಿದ ಮೂರೂ ಕತೆ ಓದಿದೆ. ಜೊತೆಗಿಟ್ಟ ಚೀಟಿಯನ್ನೂ ಓದಿದೆ. ಇವು ಸೈನ್ಸ್ ಫಿಕ್ಷನ್ನೋ, ಫ್ಯಾಂಟಸಿಯೋ, ದೆವ್ವದ ಕತೆಯೋ ನಿನಗೇ ಗೊತ್ತಾಗುತ್ತಿಲ್ಲ, ಮೂರನ್ನೂ ಒಂದೇ ಪತ್ರಿಕೆಗೆ ಕಳಿಸಿದೆ, ಮೂರೂ ವಾಪಸ್ ಬಂದವು ಅಂತ ಬರೆದಿದ್ದೀಯ. ವಾಪಸ್ ಬಂದದ್ದೇ ದೊಡ್ಡದು. ಎಷ್ಟೋ ಕಡೆ ಉತ್ತರವೇ ಬರುವುದಿಲ್ಲ. ವಿಶೇಷಾಂಕದ ಕತೆಗಳನ್ನು ಮೊದಲ ಸುತ್ತಿನಲ್ಲಿ ಓದಿ ಬೇರ್ಪಡಿಸುವ ಕೆಲಸ ಮಾಡಿದವನು ನಾನು. ಆ ಮೇಜಿನ ಈಚೆಯಿಂದ ಕಂಡದ್ದನ್ನು ಹೇಳುತ್ತೇನೆ. ಕತೆ ಯಾವ ಪ್ರಕಾರದ್ದು ಅಂತ ತಲೆ ಕೆಡಿಸಿಕೊಳ್ಳುವ ಮೊದಲು, ಅದರೊಳಗಿನ ಅಸಾಧ್ಯ ಸಂಗತಿಯನ್ನು ಕಿತ್ತು ಪಕ್ಕಕ್ಕಿಟ್ಟು ನೋಡು. ಉಳಿದದ್ದು ಏನು, ಅದನ್ನು ಯಾರು ಓದುತ್ತಾರೆ? ಇಷ್ಟು ಗೊತ್ತಾದರೆ ಕತೆಯ ವಿಳಾಸ ಗೊತ್ತಾದ ಹಾಗೆ.

ಮೊದಲು ಬೆಳ್ಳಂದೂರು ಕೆರೆಯ ಕತೆ. ನೊರೆ ಉಕ್ಕಿದ ರಾತ್ರಿ ತೀರಿಹೋದವರ ದನಿ ಕೇಳಿಸಿಕೊಳ್ಳುವ ಆ ತಾಯಿ, ನಿವೇಶನ ಮಾರಿಬಿಡೋಣ ಅನ್ನುವ ಮಗಳು. ನೊರೆಯೊಳಗಿನ ದನಿಯನ್ನು ತೆಗೆದುಬಿಟ್ಟರೂ ತಾಯಿ-ಮಗಳ ಜಗಳ ಹಾಗೇ ನಿಂತಿರುತ್ತದೆ. ಅಂದಮೇಲೆ ಇದು ಮನೆಮಂದಿಯ ಕತೆ. ಕಾರಂತರ ‘ಮೂಕಜ್ಜಿಯ ಕನಸುಗಳು’ 1968ರಲ್ಲಿ ಬಂತು, 1977ರಲ್ಲಿ ಕಾರಂತರಿಗೆ ಜ್ಞಾನಪೀಠ ಬಂತು. ವಸ್ತುವೊಂದನ್ನು ಕೈಯಲ್ಲಿ ಹಿಡಿದೊಡನೆ ಅದರ ಹಿಂದಿನ ಕಾಲವನ್ನೆಲ್ಲ ಕಾಣುವ ಮುದುಕಿ ಅದರ ನಾಯಕಿ. ಆದರೂ ಅದನ್ನು ಯಾರೂ ಫ್ಯಾಂಟಸಿ ಅನ್ನಲಿಲ್ಲ. ಓದಿದವರು ಅವಳಲ್ಲಿ ತಮ್ಮ ಅಜ್ಜಿಯನ್ನು ಕಂಡರು, ಅವಳ ಮಾತಿನೊಂದಿಗೆ ವಾದಕ್ಕಿಳಿದರು, ಶಕ್ತಿ ಎಲ್ಲಿಂದ ಬಂತು ಎಂದು ಕೇಳುವ ಗೊಡವೆಗೇ ಹೋಗಲಿಲ್ಲ.

ನೀನೋ, ನಡುವೆ ಒಂದೂವರೆ ಪುಟ ಡಿಟರ್ಜೆಂಟು, ರಂಜಕ, ಒಳಚರಂಡಿ ನೀರು ಅಂತ ಪಾಠ ಹೇಳಿದ್ದೀಯ. ಅದಷ್ಟನ್ನೂ ಹೊಡೆದು ಹಾಕು. ಕೆರೆಗೇ ಬೆಂಕಿ ಹತ್ತಿದ್ದನ್ನು ಟೀವಿಯಲ್ಲಿ ನೋಡಿದ ಜನಕ್ಕೆ ನೊರೆಯಿಂದ ದನಿ ಬಂತು ಅಂದರೆ ಅದೇನೂ ದೊಡ್ಡ ಸುಳ್ಳಲ್ಲ. ವಿವರಣೆ ಕೊಟ್ಟೆಯೋ, ಆಗ ಅನುಮಾನ ಶುರುವಾಗುತ್ತದೆ. ಈ ಕತೆಯನ್ನು ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗೆ ಕಳಿಸು, ಇಲ್ಲವೇ ‘ಮಯೂರ’ದಂಥ ಮಾಸಿಕಕ್ಕೆ. ‘ವೈಜ್ಞಾನಿಕ ಕತೆ’ ಅಂತ ಮೇಲೆ ಬರೆಯಬೇಡ. ಸ್ಪರ್ಧೆಯ ತೀರ್ಪುಗಾರರು ಹೆಚ್ಚಾಗಿ ಹಿರಿಯ ಕತೆಗಾರರು, ವಿಮರ್ಶಕರು. ಆ ಹಣೆಪಟ್ಟಿ ಕಂಡೊಡನೆ ಕೆಲವರಿಗೆ ಯಂತ್ರಮಾನವ ಕಣ್ಮುಂದೆ ಬಂದು ನಿಲ್ಲುತ್ತಾನೆ, ಆಮೇಲೆ ನಿನ್ನ ತಾಯಿ-ಮಗಳು ಕಾಣುವುದೇ ಇಲ್ಲ. ಇದು ನ್ಯಾಯವಲ್ಲ, ಒಪ್ಪುತ್ತೇನೆ. ಆದರೆ ಅಂಚೆ ಹಾಕುವಾಗ ನ್ಯಾಯ ಕೇಳುತ್ತ ಕೂತರೆ ಆಗುವುದಿಲ್ಲ.

ಮೋಡದ ಕತೆ ಹಾಗಲ್ಲ. ಗದಗದ ರೈತ ಷೇರು ಕೊಂಡಂತೆ ಮೋಡ ಕೊಳ್ಳುತ್ತಾನೆ, ಪಕ್ಕದ ಹೊಲದವನ ಮಳೆ ಇವನ ಹೊಲಕ್ಕೆ ಬೀಳುತ್ತದೆ. ಇಲ್ಲಿ ಮೋಡದ ವ್ಯಾಪಾರ ತೆಗೆದರೆ ಕತೆಯೇ ಇಲ್ಲ. ಇದು ಅಪ್ಪಟ ವಿಜ್ಞಾನ ಕತೆ, ಇದನ್ನು ಹುಡುಕಿಕೊಂಡು ಓದುವವರೂ ಕನ್ನಡದಲ್ಲಿದ್ದಾರೆ. ‘ಮನ್ವಂತರ’ ಬರೆದ ರಾಜಶೇಖರ ಭೂಸನೂರಮಠರನ್ನು, ‘ಮಹಾಸಂಪರ್ಕ’ ಬರೆದ ‘ಮನು’ ಅವರನ್ನು ಓದಿ ಬೆಳೆದ ಜನ ಅವರು. ಮೇಷ್ಟ್ರು, ಎಂಜಿನಿಯರು, ಪಿಯುಸಿ ಹುಡುಗರು, ಬ್ಯಾಂಕಿನಿಂದ ನಿವೃತ್ತರಾದವರು. ಪ್ರೀತಿಯಿಂದ ಓದುತ್ತಾರೆ, ಲೆಕ್ಕ ತಪ್ಪಿದರೆ ಬಿಡುವುದಿಲ್ಲ. ಉಪಗ್ರಹವನ್ನು 400 ಕಿಲೋಮೀಟರ್ ಎತ್ತರದಲ್ಲಿ ಗದಗದ ನೆತ್ತಿಯ ಮೇಲೆ ಅಲ್ಲಾಡದಂತೆ ನಿಲ್ಲಿಸಿದ್ದೀಯಲ್ಲ, ಆ ಎತ್ತರದಲ್ಲಿರುವುದು ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನೇ ಸುತ್ತಿ ಬರುತ್ತದೆ. ಒಂದೇ ಕಡೆ ನಿಂತಂತೆ ಕಾಣಬೇಕಾದರೆ ಸಮಭಾಜಕದ ನೇರಕ್ಕೆ ಸುಮಾರು 36,000 ಕಿಲೋಮೀಟರ್ ಮೇಲೇರಬೇಕು. ಇಸ್ರೋ ಇರುವ ಊರಲ್ಲಿ ಕೂತು ಈ ತಪ್ಪು ಮಾಡಿದರೆ ಸಂಪಾದಕರಿಗೆ ಮೊದಲ ಪತ್ರ ಎಲ್ಲಿಂದ ಬರುತ್ತದೆ ಅಂತ ನಾನು ಹೇಳಬೇಕೆ?

ನನ್ನನ್ನು ಕೇಳಿದರೆ ಉಪಗ್ರಹವೇ ಬೇಡ. ಮೋಡ ಬಿತ್ತನೆ ನಮ್ಮವರಿಗೆ ಹೊಸದಲ್ಲ. 2003ರಲ್ಲಿ ‘ವರುಣ’ ಅಂತ ಯೋಜನೆ ಬಂತು, 2017ರಲ್ಲಿ ‘ವರ್ಷಧಾರಿ’. ವಿಮಾನ ಹಾರಿ ಹೋಗಿ ಮೋಡಕ್ಕೆ ಸಿಲ್ವರ್ ಅಯೋಡೈಡ್‌ನಂಥ ಲವಣ ಚೆಲ್ಲುವುದನ್ನು ಪೇಪರಿನಲ್ಲಿ ಓದಿದವರಿದ್ದಾರೆ, ಆಗ ಬಂದ ಮಳೆ ವಿಮಾನದ್ದೋ ದೇವರದ್ದೋ ಅಂತ ಕಟ್ಟೆಯ ಮೇಲೆ ವಾದ ಮಾಡಿದವರೂ ಇದ್ದಾರೆ. ನಿನ್ನ ಕತೆ ಆ ವಾದದಿಂದ ಹೊರಡಲಿ. ಓದುಗ ನಂಬಿದ ನೆಲದಿಂದ ಒಂದು ಹೆಜ್ಜೆ ಆಚೆ ಕರೆದೊಯ್ದರೆ ಬರುತ್ತಾನೆ. ಹತ್ತು ಹೆಜ್ಜೆ ಒಮ್ಮೆಲೇ ಹಾರು ಅಂದರೆ, ಅದಕ್ಕೆ ಪಳಗಿದವನು ಮಾತ್ರ ಹಾರುತ್ತಾನೆ.

ಅಂಥ ಪಳಗಿದ ಓದುಗರನ್ನು ತಯಾರು ಮಾಡಲು ಬೇರೆ ಭಾಷೆಗಳಲ್ಲಿ ಪ್ರತ್ಯೇಕ ಪತ್ರಿಕೆಗಳೇ ಹುಟ್ಟಿದವು. ಬಂಗಾಳಿಯಲ್ಲಿ ಅದ್ರೀಶ್ ಬರ್ಧನ್ 1963ರಲ್ಲಿ ‘ಆಶ್ಚರ್ಯ’ ಶುರು ಮಾಡಿದರು. ಮರಾಠಿಯಲ್ಲಿ ವಿಜ್ಞಾನ ಪರಿಷತ್ತು ವಿಜ್ಞಾನ ಕತೆಗಳಿಗೇ ಸ್ಪರ್ಧೆ ನಡೆಸಿತು. ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುವು ಮುರುವು ಮಾಡಿ, ಬೇರೆ ಹೆಸರಿನಲ್ಲಿ ಅದಕ್ಕೆ ಕತೆ ಕಳಿಸಿ ಬಹುಮಾನ ಪಡೆದರು. ದೊಡ್ಡ ಹೆಸರಿನ ಹಂಗಿಲ್ಲದೆ ಕತೆ ನಿಲ್ಲುತ್ತದೆಯೇ ಅಂತ ನೋಡುವ ಆಸೆ ಅವರಿಗೆ. ನಮಗೆ ನಿನಗೆ ಆ ತೊಂದರೆ ಇಲ್ಲ ಬಿಡು.

ಕನ್ನಡದಲ್ಲಿ ನಿನ್ನ ಕತೆ ಅಡುಗೆ ಅಂಕಣದ ಪಕ್ಕದಲ್ಲಿ, ವಾರಭವಿಷ್ಯದ ಹಿಂದಿನ ಪುಟದಲ್ಲಿ ಅಚ್ಚಾಗುತ್ತದೆ. ಇದರಿಂದ ಬೇಸರ ಪಡಬೇಡ. ಜಗದೀಶಚಂದ್ರ ಬೋಸ್ 1896ರಲ್ಲಿ ಕತೆ ಬರೆದದ್ದು ‘ಕುಂತಲೀನ್’ ಅನ್ನುವ ತಲೆಗೂದಲ ಎಣ್ಣೆಯ ಕಂಪನಿ ಏರ್ಪಡಿಸಿದ ಸ್ಪರ್ಧೆಗೆ! ಎಣ್ಣೆಯ ಹೆಸರು ಕತೆಯೊಳಗೆ ಬರಬೇಕು, ಆದರೆ ಜಾಹೀರಾತಿನಂತೆ ಕಾಣಬಾರದು. ಬೋಸರು ಏನು ಮಾಡಿದರು ಗೊತ್ತೆ? ಕಲಕತ್ತೆಗೆ ಚಂಡಮಾರುತ ಬರುತ್ತದೆ ಅಂತ ಹವಾಮಾನದವರು ಹೇಳುತ್ತಾರೆ, ಬರುವುದೇ ಇಲ್ಲ, ವಿಜ್ಞಾನಿಗಳೆಲ್ಲ ತಲೆ ಕೆರೆದುಕೊಳ್ಳುತ್ತಾರೆ. ಕೊನೆಗೆ ನೋಡಿದರೆ ಹಡಗಿನಲ್ಲಿದ್ದ ಒಬ್ಬ ಬೋಳುತಲೆಯವನು ಸೀಸೆಯಲ್ಲಿದ್ದ ಎಣ್ಣೆಯನ್ನು ಸಮುದ್ರಕ್ಕೆ ಸುರಿದಿರುತ್ತಾನೆ. ನೀರಿನ ಮೇಲೆ ಎಣ್ಣೆ ಹರಡಿದರೆ ಅಲೆ ಅಡಗುತ್ತದೆ ಅನ್ನುವುದು ಭೌತಶಾಸ್ತ್ರ, ಎಣ್ಣೆ ಸೀಸೆ ಮಾತ್ರ ಪ್ರತಿ ಮನೆಯ ಕನ್ನಡಿಯ ಕೆಳಗೆ ಇದ್ದದ್ದು. ಆ ಓದುಗರಿಗೆ ಆ ಸೀಸೆಗಿಂತ ಒಳ್ಳೆಯ ಬಾಗಿಲು ಬೇರೆ ಇರಲಿಲ್ಲ. ಕಂಪನಿಯ ಷರತ್ತನ್ನು ಬೋಸರು ಹೊರೆ ಅಂದುಕೊಳ್ಳದೆ ಕತೆಯ ಕೀಲಿ ಮಾಡಿಕೊಂಡರು ನೋಡು, ಅದನ್ನು ಕಲಿ.

ಮೂರನೆಯದು, ‘ಎಲ್ಡೋರಿಯಾ’ ಅನ್ನುವ ರಾಜ್ಯದ್ದು. ನಿಷ್ಠುರವಾಗಿ ಹೇಳಿದರೆ ಇದು ಸಣ್ಣಕತೆಯಲ್ಲ, ಕಾದಂಬರಿಯೊಂದರ ಮೊದಲ ಅಧ್ಯಾಯ. ಐದು ಕುಲ, ಎರಡು ಯುದ್ಧ, ಒಂದು ಶಾಪ, ಎಂಟು ಪುಟದಲ್ಲಿ! ಕಂಬಾರರು ಶಿವಾಪುರವನ್ನು ನಾಟಕ, ಕಾವ್ಯ, ಕಾದಂಬರಿ ಅಂತ ಎಷ್ಟು ಪುಸ್ತಕಗಳಲ್ಲಿ ಕಟ್ಟಿದರು ಯೋಚಿಸು. ಇದಕ್ಕೆ ಧಾರಾವಾಹಿಯ ಓದುಗರು ಸರಿ. ಪ್ರತಿಲಿಪಿ ಆ್ಯಪಿನಲ್ಲಿ ಕಂತು ಕಂತಾಗಿ ಓದುವ ದೊಡ್ಡ ಬಳಗವಿದೆ, ಬಸ್ಸಿನಲ್ಲಿ ಕೂತು ಒಂದು ಕಂತು ಮುಗಿಸಿ ಮುಂದಿನದಕ್ಕೆ ಕಾಯುವವರು. ಸಾಹಿತ್ಯದ ವಲಯದಲ್ಲಿ ಕೆಲವರು ಇದಕ್ಕೆ ಮೂಗು ಮುರಿಯುತ್ತಾರೆ, ನೀನು ಮುರಿಯಬೇಡ. ತಮಿಳಿನ ಸುಜಾತಾ ನಮ್ಮ ಜಾಲಹಳ್ಳಿಯ ಬಿಇಎಲ್‌ನಲ್ಲಿ ಎಂಜಿನಿಯರ್ ಆಗಿದ್ದವರು, ಮತಯಂತ್ರ ರೂಪಿಸಿದ ತಂಡದಲ್ಲಿ ಮುಖ್ಯರು. ಅವರ ‘ಎನ್ ಇನಿಯ ಇಯಂದಿರಾ’ 80ರ ದಶಕದಲ್ಲಿ ‘ಆನಂದ ವಿಕಟನ್’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅದರಲ್ಲಿನ ಜೀನೋ ಎಂಬ ರೋಬೋ ನಾಯಿ ಮನೆಮನೆಯ ಮಾತಾಯಿತು. ವಿಜ್ಞಾನ ಕತೆ ಅಂತ ಹುಡುಕಿ ಬಂದವರಲ್ಲ ಆ ಓದುಗರು. ನಾಯಿಗೆ ಮುಂದೇನಾಯಿತು ಅಂತ ನೋಡಲು ಮುಂದಿನ ವಾರ ಪತ್ರಿಕೆ ಕೊಂಡರು. ನಿನ್ನ ಎಲ್ಡೋರಿಯಾದಲ್ಲಿ ಹಾಗೆ ಹಿಂಬಾಲಿಸುವಂಥ ಒಂದು ಜೀವ ಇನ್ನೂ ಇಲ್ಲ. ಊರಿನ ಹೆಸರನ್ನೂ ಬದಲಿಸು, ಎಲ್ಲೋ ಆಡಿದ ವಿಡಿಯೋ ಗೇಮಿನ ವಾಸನೆ ಬರುತ್ತದೆ.

ಇಂಗ್ಲಿಷಿನಲ್ಲೇ ಬರಿ ಅಂತ ನಿನ್ನ ಆಫೀಸಿನ ಗೆಳೆಯರು ಹೇಳುತ್ತಾರಂತೆ. ಬರೆಯಬಹುದು. ಬೆಂಗಳೂರಿನ ಲಾವಣ್ಯ ಲಕ್ಷ್ಮೀನಾರಾಯಣ್ ಅವರ ‘ದಿ ಟೆನ್ ಪರ್ಸೆಂಟ್ ಥೀಫ್’ 2024ರಲ್ಲಿ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಹೋಯಿತು, ಅದರ ನಗರ ನಮ್ಮ ಬೆಂಗಳೂರೇ. ಇಂಗ್ಲಿಷಿನಲ್ಲಿ ಪ್ರಕಾರಕ್ಕೊಂದು ಪತ್ರಿಕೆ ಇದೆ, ಪ್ರತಿಯೊಂದಕ್ಕೂ ಬರೆದಿಟ್ಟ ನಿಯಮವಿದೆ. ಹ್ಯೂಗೋ ಪ್ರಶಸ್ತಿಯವರ ಲೆಕ್ಕದಲ್ಲಿ 7,500 ಪದದೊಳಗಿದ್ದರೆ ಸಣ್ಣಕತೆ, ನಮ್ಮ ಭಾನುವಾರದ ಪುರವಣಿಗೆ ಅದರಲ್ಲಿ ಕಾಲು ಭಾಗವೂ ಹೆಚ್ಚೇ. ‘ಕ್ಲಾರ್ಕ್ಸ್‌ವರ್ಲ್ಡ್’ನಂಥ ಪತ್ರಿಕೆ, ಒಂದೇ ಕತೆಯನ್ನು ಅದೇ ಹೊತ್ತಿಗೆ ಬೇರೆಡೆಗೂ ಕಳಿಸಬೇಡಿ ಅನ್ನುತ್ತದೆ. 2023ರ ಫೆಬ್ರವರಿಯಲ್ಲಿ ಯಂತ್ರ ಬರೆದ ಕತೆಗಳು ಪ್ರವಾಹದಂತೆ ಬಂದು, ಅವರು ಕೆಲಕಾಲ ಬಾಗಿಲನ್ನೇ ಮುಚ್ಚಬೇಕಾಯಿತು. ಹಾಗಾಗಿ ಈಗ ಅಲ್ಲಿ ಕಣ್ಣಿಟ್ಟು ಓದುತ್ತಾರೆ. ಆದರೆ ಮೋಡದ ಕತೆ ಇಂಗ್ಲಿಷಿಗೆ ಹೋದರೆ ಕಟ್ಟೆಯ ಮೇಲಿನ ಆ ವಾದವನ್ನು ನೀನು ಬಿಡಿಸಿ ಹೇಳಬೇಕಾಗುತ್ತದೆ, ಆಗ ಅದರ ಕಾವು ಹೋಗುತ್ತದೆ. ಅದನ್ನು ಕನ್ನಡದಲ್ಲೇ ಇರಿಸಿಕೋ. ಇಂಗ್ಲಿಷಿಗೆ ಬೇರೆಯದೇ ಒಂದನ್ನು ಬರಿ.

ಒಂದು ಕೆಲಸ ಹೇಳುತ್ತೇನೆ, ತಿದ್ದಿದ ಮೇಲೆ ಮಾಡು. ಮೋಡದ ಕತೆಯ ಪ್ರಿಂಟ್ ತೆಗೆದು ಗದಗದಲ್ಲಿರುವ ನಿಮ್ಮ ದೊಡ್ಡಪ್ಪನಿಗೆ ಕೊಡು. ಒಕ್ಕಲುತನ ಮಾಡುವವರು, ದಿನಾ ಪೇಪರು ಓದುವವರು. ಗೆಳೆಯರಿಗೆ ಕೊಡಬೇಡ, ಅವರು ಸೂಪರ್ ಅನ್ನುತ್ತಾರೆ. ಓದುತ್ತ ಎಲ್ಲಿ ಬೇಸರವಾಗಿ ಕಾಗದ ಕೆಳಗಿಡುತ್ತೀರೋ ಅಲ್ಲೊಂದು ಪೆನ್ಸಿಲ್ ಗೆರೆ ಎಳೆಯಿರಿ ಅಂತ ಅವರಿಗೆ ಹೇಳು. ಯಾಕೆ ಅಂತ ಕೇಳಬೇಡ, ಕೇಳಿದರೆ ನಿನ್ನ ಮನಸ್ಸು ನೋಯಿಸಬಾರದೆಂದು ಏನಾದರೂ ಹೇಳಿಬಿಡುತ್ತಾರೆ. ಗೆರೆಗಳಿರುವ ಪ್ರತಿಯನ್ನು ನನಗೆ ಕಳಿಸು, ಕೂತು ನೋಡೋಣ. ಕೆರೆಯ ಕತೆಗೆ ಮಾತ್ರ ಕಾಯುತ್ತ ಕೂರಬೇಡ. ದೀಪಾವಳಿ ಸ್ಪರ್ಧೆಗಳ ಪ್ರಕಟಣೆ ಹಬ್ಬಕ್ಕೆ ಕೆಲವು ತಿಂಗಳು ಮೊದಲೇ ಬರುತ್ತದೆ, ಪದಮಿತಿ ನೋಡಿಕೊಂಡು ಆ ಡಿಟರ್ಜೆಂಟಿನ ಪುಟಗಳನ್ನು ಇವತ್ತೇ ಕತ್ತರಿಸು.