ಬೆಳ್ಳಿತೆರೆಯ ಗೂಢಚಾರನೂ ಜೂಜಿನ ಮೇಜೂ

ಸಿನಿಮಾ ನೋಡಬಾರದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ನೋಡಿದ್ದನ್ನು ವಿಚಾರಮಾಡಿ ನೋಡಬೇಕು ಎಂಬುದಷ್ಟೇ ನಮ್ಮ ಆಶಯ. ಗೂಢಚಾರರ ಚಿತ್ರಗಳೆಂದರೆ ಮಕ್ಕಳಿಗೆ ಹೇಗೋ ಹಾಗೆಯೇ ದೊಡ್ಡವರಿಗೂ ಬಲು ಇಷ್ಟ. ಇಂಥ ಚಿತ್ರಗಳಲ್ಲಿ ಅನೇಕ ಸಲ ಜೂಜಿನ ಮೇಜೊಂದು ಬರುತ್ತದೆ, ನಾಯಕನು ಲಕ್ಷ, ಕೋಟಿಗಳನ್ನು ಒಡ್ಡಿ ಆಡುತ್ತಾನೆ, ಕೊನೆಗೆ ಗೆಲ್ಲುತ್ತಾನೆ. ಗೋವೆಯಲ್ಲಿ ಬಾಳುತ್ತಿರುವ ಕನ್ನಡಿಗರಾದ ನಮಗೆ ಈ ವಿಷಯ ದೂರದ್ದೇನೂ ಅಲ್ಲ. ಕನ್ನಡದ ಒಂದು ಪ್ರಸಿದ್ಧ ಗೂಢಚಾರ ಚಿತ್ರದ ಹೆಸರಿನಲ್ಲಿಯೇ ಗೋವೆ ಇದೆ. ಪಣಜಿಯ ಮಾಂಡವಿ ನದಿಯಲ್ಲಿ ಕ್ಯಾಸಿನೊ ಹಡಗುಗಳ ದೀಪಗಳು ರಾತ್ರಿಯಿಡೀ ಉರಿಯುತ್ತವೆ. ಆದ್ದರಿಂದ ತೆರೆಯ ಮೇಲಿನ ಗೆಲವು ಯಾವುದು, ಬಾಳಿನ ಗೆಲವು ಯಾವುದು ಎಂಬುದನ್ನು ನಾವು ಸ್ವಲ್ಪ ಬಿಡಿಸಿ ನೋಡೋಣ.

ಗಲ್ಲಾಪೆಟ್ಟಿಗೆ ಎಂದರೇನು?

ಚಿತ್ರಮಂದಿರದಲ್ಲಿ ಟಿಕೀಟು ಮಾರುವ ಕಿಂಡಿಗೆ ಬಾಕ್ಸ್ ಆಫೀಸು ಎಂದು ಹೆಸರು. ನಮ್ಮ ಪತ್ರಿಕೆಗಳು ಅದನ್ನೇ ಗಲ್ಲಾಪೆಟ್ಟಿಗೆ ಎಂದು ಸೊಗಸಾಗಿ ಕರೆದವು. ಅಂಗಡಿಯ ಗಲ್ಲಾ ತುಂಬಿದರೆ ವ್ಯಾಪಾರ ಚೆನ್ನಾಗಿದೆ ಎಂದು ಹೇಗೆ ತಿಳಿಯುತ್ತೇವೆಯೋ ಹಾಗೆಯೇ ಟಿಕೀಟಿನ ಹಣ ತುಂಬಿಬಂದರೆ ಚಿತ್ರ ಗೆದ್ದಿತೆನ್ನುತ್ತೇವೆ. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಗಲ್ಲಾಪೆಟ್ಟಿಗೆಯಲ್ಲಿ ಬಿದ್ದ ಹಣವೆಲ್ಲ ಲಾಭವಲ್ಲ. ಅದರಲ್ಲಿ ಸರಕಾರಕ್ಕೆ ತೆರಿಗೆ, ಚಿತ್ರಮಂದಿರದವರಿಗೆ ಒಂದು ಪಾಲು, ಹಂಚಿಕೆದಾರರಿಗೆ ಇನ್ನೊಂದು ಪಾಲು ಹೋಗಿ, ಉಳಿದದ್ದು ನಿರ್ಮಾಪಕನ ಕೈಸೇರುತ್ತದೆ. ಅವನು ಚಿತ್ರಕ್ಕೆ ಸುರಿದ ಹಣವನ್ನು ಅದರಲ್ಲಿ ಕಳೆಯಬೇಕು. ಇಷ್ಟಾದ ಮೇಲೆ ಮಿಕ್ಕಿದ್ದೇ ಲಾಭ. ಹಿಂದಿನ ಕಾಲದ ಗಳಿಕೆಯನ್ನು ಇಂದಿನದಕ್ಕೆ ಹೋಲಿಸುವಾಗ ಟಿಕೀಟಿನ ದರ ಏರಿರುವುದನ್ನೂ ಮರೆಯಬಾರದು.

ಕನ್ನಡದ ಸಿ.ಐ.ಡಿ. ೯೯೯

೧೯೬೨ರಲ್ಲಿ 'ಡಾಕ್ಟರ್ ನೋ' ಎಂಬ ಇಂಗ್ಲಿಷ್ ಚಿತ್ರ ತೆರೆಕಂಡಿತು. ಜೇಮ್ಸ್ ಬಾಂಡ್ ಎಂಬ ಗೂಢಚಾರನನ್ನು ಆ ಚಿತ್ರ ಮೊದಲು ತೋರಿಸುವುದೇ ಇಸ್ಪೀಟಿನ ಮೇಜಿನ ಮುಂದೆ! ಆ ಚಿತ್ರಮಾಲೆಯ ಗಾಳಿ ಜಗತ್ತಿನ ನಾನಾ ಭಾಷೆಗಳಿಗೆ ಬೀಸಿದಂತೆ ನಮ್ಮಲ್ಲಿಗೂ ಬೀಸಿತು. ದೊರೈ ಮತ್ತು ಭಗವಾನ್ ಎಂಬ ಜೋಡಿ ನಿರ್ದೇಶಕರು ೧೯೬೮ರಲ್ಲಿ 'ಜೇಡರ ಬಲೆ' ಚಿತ್ರವನ್ನು ಕೊಟ್ಟರು. ಅದರಲ್ಲಿ ರಾಜಕುಮಾರ್ ಅವರು ಸಿ.ಐ.ಡಿ. ೯೯೯ ಪ್ರಕಾಶ್ ಆದರು. ಅಲ್ಲಿಯವರೆಗೆ ಕನಕದಾಸರಾಗಿ, ಕಬೀರರಾಗಿ, ಪುರಾಣದ ವೀರರಾಗಿ ಜನಮನದಲ್ಲಿ ನಿಂತಿದ್ದ ನಟರು ಕೋಟು ತೊಟ್ಟು, ಪಿಸ್ತೂಲು ಹಿಡಿದು ಬಂದದ್ದನ್ನು ಪ್ರೇಕ್ಷಕರು ಮೆಚ್ಚಿಕೊಂಡರು.

ಅದೇ ೧೯೬೮ರಲ್ಲಿಯೇ 'ಗೋವಾದಲ್ಲಿ ಸಿ.ಐ.ಡಿ. ೯೯೯' ಬಂದಿತು. ನಟಿ ಲಕ್ಷ್ಮಿಯವರು ಕನ್ನಡಕ್ಕೆ ಪರಿಚಯವಾದದ್ದು ಈ ಚಿತ್ರದಿಂದ. ಮರುವರ್ಷ, ೧೯೬೯ರಲ್ಲಿ, 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. ೯೯೯' ಬಂದಿತು. ಮುಂದೆ ಹಿಂದಿಯಲ್ಲಿ ಹೆಸರು ಮಾಡಿದ ರೇಖಾ ಅವರು ಅದರ ನಾಯಕಿ. ಜಾಕ್‌ಪಾಟ್ ಎಂಬುದೂ ಜೂಜಿನ ಮೇಜಿನಿಂದ ಬಂದ ಮಾತೇ. ನಾಲ್ಕನೆಯದಾಗಿ ೧೯೭೮ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ತೆರೆಗೆ ಬಂದಿತು.

ಒಂದು ಚಿತ್ರ ಗೆದ್ದಿತೆಂಬುದಕ್ಕೆ ಅಂಕಿಸಂಖ್ಯೆಗಿಂತ ಸರಳವಾದ ಸಾಕ್ಷಿಯೊಂದಿದೆ. ಸೋತ ಬೆಳೆಯ ಬೀಜವನ್ನು ಯಾವ ರೈತನೂ ಮತ್ತೆ ಬಿತ್ತುವುದಿಲ್ಲ. ಎರಡು ವರ್ಷದೊಳಗೆ ಒಂದೇ ಪಾತ್ರದ ಮೂರು ಚಿತ್ರಗಳು ಬಂದವೆಂದರೆ ಜನ ಒಪ್ಪಿದರೆಂದೇ ಅರ್ಥ. ಇದೇ ದೊರೈ-ಭಗವಾನ್ ಅವರು ಮುಂದೆ 'ಕಸ್ತೂರಿ ನಿವಾಸ', 'ಎರಡು ಕನಸು' ಮೊದಲಾದ ಸಾಂಸಾರಿಕ ಚಿತ್ರಗಳನ್ನು ಮಾಡಿ ಹೆಸರಾದರು ಎಂಬುದೂ ನೆನಪಿನಲ್ಲಿರಲಿ.

ಗೂಢಚಾರನಿಗೆ ಗೋವೆಯೇ ಏಕೆ?

ಗೋವೆ ೧೫೧೦ರಿಂದ ೧೯೬೧ರವರೆಗೆ, ಎಂದರೆ ೪೫೧ ವರ್ಷ, ಪೋರ್ಚುಗೀಸರ ಆಳ್ವಿಕೆಯಲ್ಲಿತ್ತು. ೧೯೬೧ರ ಡಿಸೆಂಬರ್ ೧೯ರಂದು ವಿಮೋಚನೆಯಾಯಿತು. ಚಿತ್ರ ಬಂದಾಗ ವಿಮೋಚನೆಯಾಗಿ ಏಳು ವರ್ಷಗಳೂ ತುಂಬಿರಲಿಲ್ಲ. ಆಗಿನ ಕನ್ನಡ ಪ್ರೇಕ್ಷಕನಿಗೆ ಗೋವೆಯೆಂದರೆ ಪಕ್ಕದ ಮನೆಯೇ ಆದರೂ ಬಾಗಿಲು ಆಗತಾನೆ ತೆರೆದ ಮನೆ. ಕಡಲು, ಬಂದರು, ಹೊರದೇಶದ ಸರಕು, ಬೇರೆ ಬಗೆಯ ಉಡುಗೆ ತೊಡುಗೆ: ಇವೆಲ್ಲ ಸೇರಿದರೆ ಪತ್ತೇದಾರಿ ಕತೆಗೆ ಬೇರೆ ಸ್ಥಳ ಹುಡುಕುವುದೇಕೆ?

ಕತೆಯಷ್ಟೇ ಅಲ್ಲ, ನಿಜವಾದ ಗೂಢಚರ್ಯೆಯೂ ಇಲ್ಲಿ ನಡೆದಿದೆ. ಎರಡನೆಯ ಮಹಾಯುದ್ಧದಲ್ಲಿ ಪೋರ್ಚುಗಲ್ ತಟಸ್ಥವಾಗಿದ್ದುದರಿಂದ ಜರ್ಮನಿಯ ಕೆಲವು ಸರಕು ಹಡಗುಗಳು ಮುರಗಾಂವ್ ಬಂದರಿನಲ್ಲಿ ಆಶ್ರಯ ಪಡೆದಿದ್ದವು. ಅವುಗಳಲ್ಲಿ ಎಹ್ರೆನ್‌ಫೆಲ್ಸ್ ಎಂಬ ಹಡಗಿನಿಂದ ಗುಪ್ತ ರೇಡಿಯೊ ಮೂಲಕ ಬ್ರಿಟಿಷ್ ಹಡಗುಗಳ ಸುದ್ದಿ ಜರ್ಮನ್ ಜಲಾಂತರ್ಗಾಮಿಗಳಿಗೆ ಹೋಗುತ್ತಿದೆಯೆಂದು ಬ್ರಿಟಿಷರು ನಂಬಿದ್ದರು. ೧೯೪೩ರ ಮಾರ್ಚ್ ೯ರಂದು 'ಕಲ್ಕತ್ತಾ ಲೈಟ್ ಹಾರ್ಸ್' ಎಂಬ ಸ್ವಯಂಸೇವಕ ದಳದ ಒಂದು ಸಣ್ಣ ತಂಡ ಕತ್ತಲಲ್ಲಿ ಬಂದು ಆ ಹಡಗನ್ನೇರಿತು. ಕೊನೆಗೆ ಬಂದರಿನಲ್ಲಿದ್ದ ಆ ಹಡಗುಗಳು ಉರಿದು ಮುಳುಗಿದವು. ಈ ಸಂಗತಿ ಸುಮಾರು ೩೫ ವರ್ಷ ಗುಟ್ಟಾಗಿಯೇ ಉಳಿದು, ೧೯೭೮ರಲ್ಲಿ ಒಂದು ಪುಸ್ತಕದ ಮೂಲಕ ಬೆಳಕಿಗೆ ಬಂತು. ೧೯೮೦ರಲ್ಲಿ 'ದಿ ಸೀ ವುಲ್ವ್ಸ್' ಎಂಬ ಚಿತ್ರವೂ ಆಯಿತು. ಅದರಲ್ಲಿ ನಟಿಸಿದ ರೋಜರ್ ಮೂರ್ ಆಗ ಬಾಂಡ್ ಪಾತ್ರಧಾರಿಯಾಗಿದ್ದವರು. ನಿಜವಾದ ಗೂಢಚರ್ಯೆಯಲ್ಲಿ ಹೆಸರೂ ಇಲ್ಲ, ಚಪ್ಪಾಳೆಯೂ ಇಲ್ಲ ಎಂಬುದಕ್ಕೆ ನಮ್ಮ ಊರ ಬಂದರೇ ಸಾಕ್ಷಿ.

ಪೋಕರ್ ಆಡಿದ ಬಾಂಡ್

ಈಗ ಜೂಜಿನ ಮೇಜಿಗೆ ಬರೋಣ. ಜೇಮ್ಸ್ ಬಾಂಡ್‌ನನ್ನು ಸೃಷ್ಟಿಸಿದವರು ಇಯಾನ್ ಫ್ಲೆಮಿಂಗ್. ಅವರ ಮೊದಲ ಬಾಂಡ್ ಕಾದಂಬರಿ 'ಕ್ಯಾಸಿನೊ ರಾಯಲ್' ೧೯೫೩ರಲ್ಲಿ ಪ್ರಕಟವಾಯಿತು. ಯುದ್ಧಕಾಲದಲ್ಲಿ ಅವರು ಬ್ರಿಟಿಷ್ ನೌಕಾ ಗುಪ್ತಚರ ಇಲಾಖೆಯಲ್ಲಿದ್ದರು. ೧೯೪೧ರಲ್ಲಿ ಪೋರ್ಚುಗಲ್ಲಿನ ಎಸ್ಟೊರಿಲ್ ಎಂಬ ಊರಿನ ಕ್ಯಾಸಿನೊದಲ್ಲಿ ಆಡಿ ಸೋತದ್ದೇ ಆ ಕಾದಂಬರಿಗೆ ಪ್ರೇರಣೆಯೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಇದನ್ನು ಚೆನ್ನಾಗಿ ಗಮನಿಸಿ: ಬರೆದವರು ಮೇಜಿನ ಮುಂದೆ ಸೋತರು, ಅವರ ನಾಯಕ ಮಾತ್ರ ಪುಸ್ತಕದಲ್ಲಿ ಗೆದ್ದ. ಲೇಖನಿ ಬರೆದವರ ಕೈಯಲ್ಲಿತ್ತು. ಇಸ್ಪೀಟಿನ ಎಲೆ ಅವರ ಕೈಯಲ್ಲಿರಲಿಲ್ಲ.

೨೦೦೬ರಲ್ಲಿ ಈ ಕಾದಂಬರಿ ಬಾಂಡ್ ಮಾಲೆಯ ೨೧ನೆಯ ಚಿತ್ರವಾಗಿ ಬಂದಿತು. ಮಾರ್ಟಿನ್ ಕ್ಯಾಂಪ್‌ಬೆಲ್ ನಿರ್ದೇಶಕರು. ಡೇನಿಯಲ್ ಕ್ರೇಗ್ ಹೊಸ ಬಾಂಡ್. ಕಾದಂಬರಿಯಲ್ಲಿದ್ದ ಬ್ಯಾಕರಾ ಎಂಬ ಇಸ್ಪೀಟಾಟವನ್ನು ಬಿಟ್ಟು ಪೋಕರ್ ಆಟವನ್ನು ತಂದರು. ಬ್ಯಾಕರಾದಲ್ಲಿ ಅದೃಷ್ಟದ ಪಾಲೇ ಹೆಚ್ಚು. ಪೋಕರ್‌ನಲ್ಲಿ ಎದುರಾಳಿಯ ಮುಖ ಓದುವುದು, ಇಲ್ಲದ್ದನ್ನು ಇದ್ದಂತೆ ತೋರಿಸುವುದು ಉಂಟು. ಗೂಢಚಾರನ ಕೆಲಸವೂ ಅದೇ ತಾನೆ! ಚಿತ್ರ ಜಗತ್ತಿನಾದ್ಯಂತ ಸುಮಾರು ೬೦ ಕೋಟಿ ಡಾಲರ್ ಗಳಿಸಿ, ೨೦೧೨ರಲ್ಲಿ 'ಸ್ಕೈಫಾಲ್' ಬರುವವರೆಗೆ ಆ ಮಾಲೆಯಲ್ಲಿ ಅತಿ ಹೆಚ್ಚು ಗಳಿಸಿದ ಚಿತ್ರವಾಗಿತ್ತು. ಈ ಗೆಲವಿಗೆ ಇಸ್ಪೀಟು ಕಾರಣವಲ್ಲ. ಬರೆದವರು, ನಟಿಸಿದವರು, ದುಡಿದ ನೂರಾರು ಕುಶಲಕರ್ಮಿಗಳು ಕಾರಣ.

ಚಿತ್ರದ ಕತೆಯನ್ನು ಸ್ವಲ್ಪ ಬಿಡಿಸೋಣ. ಖಳನಾಯಕ ಲ ಶಿಫ್ರ್ ಪರರ ಹಣವನ್ನು ಶೇರುಪೇಟೆಯಲ್ಲಿ ಕಳೆದುಕೊಂಡು, ಹೋದದ್ದನ್ನು ಮರಳಿ ಪಡೆಯಲೆಂದು ಜೂಜಿಗೆ ಕೂರುತ್ತಾನೆ. ಬಾಂಡ್ ಆಡುವುದು ಸರಕಾರದ ಒಂದು ಕೋಟಿ ಡಾಲರಿನಿಂದ. ಅವನು ಆ ಹಣವನ್ನೆಲ್ಲ ಒಮ್ಮೆ ಸೋತೇ ಬಿಡುತ್ತಾನೆ! ಇನ್ನಷ್ಟು ಹಣ ಕೇಳಿದರೆ ಖಜಾನೆಯ ಅಧಿಕಾರಿಣಿ ಕೊಡುವುದಿಲ್ಲ. ಆಗ ಅಮೆರಿಕದ ಗೂಢಚಾರನೊಬ್ಬ ಹಣ ಒದಗಿಸುತ್ತಾನೆ. ಕೊನೆಯ ಆಟದಲ್ಲಿ ಬಾಂಡ್‌ಗೆ ಇಸ್ಪೀಟು ಜಾತಿಯ ೪, ೫, ೬, ೭, ೮ ಸಾಲಾಗಿ ಕೂಡಿಬರುತ್ತವೆ. ಮೇಜಿನ ಮುಂದೆ ಕುಳಿತ ಇಬ್ಬರೂ ಆಡಿದ್ದು ಪರರ ಹಣದಿಂದ ಎಂಬುದನ್ನು ಮರೆಯಬೇಡಿ. ಸೋತಾಗ ಕೈಹಿಡಿಯುವ ಗೆಳೆಯನನ್ನು ಕತೆಗಾರನೇ ಕಳಿಸಿದ. ನಮ್ಮ ಓಣಿಯಲ್ಲಿ ಸೋತವನ ಮನೆಗೆ ಬರುವವನು ಗೆಳೆಯನಲ್ಲ, ಸಾಲ ಕೊಟ್ಟವನು.

ಲೆಕ್ಕ ಏನು ಹೇಳುತ್ತದೆ?

೫೨ ಎಲೆಗಳ ಕಟ್ಟಿನಿಂದ ಐದೈದು ಎಲೆಗಳ ೨೫,೯೮,೯೬೦ ಬೇರೆ ಬೇರೆ ಕೈಗಳನ್ನು ಮಾಡಬಹುದು. ಅವುಗಳಲ್ಲಿ ಒಂದೇ ಜಾತಿಯ ಐದು ಎಲೆ ಸಾಲಾಗಿ ಬರುವ ಕೈಗಳು ೪೦ ಮಾತ್ರ. ಎಂದರೆ ಐದು ಎಲೆ ಹಂಚಿದರೆ ಸುಮಾರು ೬೫,೦೦೦ಕ್ಕೆ ಒಂದು ಸಲ. ಚಿತ್ರದ ಆಟದಲ್ಲಿ ಏಳು ಎಲೆಗಳಿಂದ ಐದನ್ನು ಆರಿಸುವುದರಿಂದ ಅದು ಇದಕ್ಕಿಂತ ಸುಲಭ. ಆದರೂ ಬೇಕಾದ ಕ್ಷಣಕ್ಕೆ ಸರಿಯಾಗಿ ಬರುವುದು ಕತೆಯಲ್ಲಿ ಮಾತ್ರ.

ಇನ್ನು ಕ್ಯಾಸಿನೊಗಳಲ್ಲಿ ತಿರುಗುವ ರೂಲೆಟ್ ಚಕ್ರವನ್ನು ನೋಡಿ. ಸೊನ್ನೆಯಿಂದ ೩೬ರವರೆಗೆ ೩೭ ಮನೆಗಳು. ಒಂದು ಮನೆಗೆ ಕಟ್ಟಿ ಗೆದ್ದರೆ ಕಟ್ಟಿದ ಹಣವಲ್ಲದೆ ಅದರ ೩೫ ಪಟ್ಟು ಕೊಡುತ್ತಾರೆ. ಎಲ್ಲ ೩೭ ಮನೆಗೂ ನೂರು ನೂರು ರೂಪಾಯಿ ಕಟ್ಟಿದಿರೆನ್ನಿ. ಖರ್ಚು ೩,೭೦೦, ಕೈಗೆ ಬರುವುದು ೩,೬೦೦. ನೂರು ರೂಪಾಯಿ ಆಡಿಸುವವನಿಗೆ. ಇದು ಮೋಸವಲ್ಲ, ಆಟದ ನಿಯಮವೇ ಹೀಗೆ. ಪೋಕರ್‌ನಲ್ಲಿ ಆಟಗಾರರು ತಮ್ಮ ತಮ್ಮಲ್ಲೇ ಆಡಿದರೂ ಮೇಜಿನ ಒಡೆಯನು ಹಣದಲ್ಲಿ ಒಂದು ಪಾಲು ತೆಗೆಯುತ್ತಾನೆ. ಹತ್ತು ಮಂದಿ ನೂರು ನೂರು ತಂದರೆ ಮೇಜಿನ ಮೇಲೆ ಸಾವಿರ. ಒಡೆಯ ಐವತ್ತು ತೆಗೆದನೆಂದುಕೊಳ್ಳಿ, ಹಂಚಿಕೊಳ್ಳಲು ಉಳಿದದ್ದು ೯೫೦. ಒಬ್ಬನ ಗೆಲವು ಇನ್ನೊಬ್ಬನ ಮನೆಯ ಅಕ್ಕಿ. ಹೊಲದಲ್ಲಿ ಒಂದು ಕಾಳು ನೂರಾಗುತ್ತದೆ. ಈ ಮೇಜಿನ ಮೇಲೆ ನೂರು ತೊಂಬತ್ತೈದಾಗುತ್ತದೆ.

ಪಾಲಕರಿಗೆ ಎರಡು ಮಾತು

ಗೋವೆಯಲ್ಲಿ ೧೯೭೬ರ ಜೂಜು ಕಾಯಿದೆಗೆ ೧೯೯೨ರಲ್ಲಿ ತಿದ್ದುಪಡಿ ಮಾಡಿ ಪಂಚತಾರಾ ಹೋಟೆಲುಗಳಲ್ಲಿ ಜೂಜಿನ ಯಂತ್ರಗಳಿಗೂ, ೧೯೯೬ರಲ್ಲಿ ಹಡಗುಗಳಲ್ಲಿ ಆಟಕ್ಕೂ ಅವಕಾಶ ಕೊಟ್ಟರು. ಆದರೆ ೨೦೨೦ರ ಫೆಬ್ರವರಿಯಿಂದ ಗೋವೆಯವರಿಗೇ ಕ್ಯಾಸಿನೊದ ಆಟದ ಕೋಣೆಗೆ ಪ್ರವೇಶ ನಿಷೇಧಿಸಲಾಯಿತು. ಪ್ರವಾಸಿಗರಿಂದ ವರಮಾನ ಬರಲಿ, ನಮ್ಮ ಜನ ಮಾತ್ರ ಆಡದಿರಲಿ ಎಂದು ಸರಕಾರವೇ ಬಗೆಯಿತೆಂದರೆ ಆ ಆಟದ ಗುಣ ಎಂಥದ್ದೆಂದು ಬೇರೆ ಹೇಳಬೇಕೆ?

ಹಡಗು ಹತ್ತದವರ ಕೈಗೂ ಮೊಬೈಲು ಫೋನು ಬಂದಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿತು. ಕಾಯಿದೆ ಬಾಗಿಲಿನವರೆಗೆ ಕಾಯಬಲ್ಲುದು. ಮನೆಯೊಳಗೆ ಕಾಯಬೇಕಾದವರು ನಾವೇ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳಗಳಿಂದ ಬಂದು ಬಂದರಿನಲ್ಲಿ, ಕಟ್ಟಡದ ಕೆಲಸದಲ್ಲಿ ಬೆವರು ಸುರಿಸುವ ತಂದೆ ತಾಯಿಯರ ವಾರದ ಪಗಾರ ಒಂದು ರಾತ್ರಿಯಲ್ಲಿ ಕರಗಿದರೆ, ಮೊದಲು ನಿಲ್ಲುವುದು ಮಕ್ಕಳ ಪುಸ್ತಕ. ಆಮೇಲೆ ಮಗಳ ಶಾಲೆ. ಸೋತ ಹಣವನ್ನು ಮತ್ತೆ ಆಡಿಯೇ ತರುತ್ತೇನೆಂಬ ಹಟವೇ ಸಾಲದ ಮೊದಲ ಮೆಟ್ಟಿಲು. ಚಿತ್ರದ ಖಳನಾಯಕನೂ ಅದನ್ನೇ ಹತ್ತಿದ್ದ. ಹಟ ಹಿಡಿದವರನ್ನು ಬೈದು ಹೊರಗಟ್ಟುವುದಕ್ಕಿಂತ, ಕುಳಿತು ಲೆಕ್ಕ ತೋರಿಸಿ, ಪಗಾರವನ್ನು ಮನೆಯವರ ಕೈಗೆ ಕೊಡಿಸುವುದು ಲೇಸು.

ಪಣ ಎಂಬ ಮಾತು

ಜೂಜಿನ ಕೇಡನ್ನು ನಮ್ಮ ಹಿರಿಯರು ಎಂದೋ ಅರಿತಿದ್ದರು. ಋಗ್ವೇದದಲ್ಲಿಯೇ ಜೂಜುಗಾರನ ಗೋಳಿನ ಸೂಕ್ತವಿದೆ. ಕುಮಾರವ್ಯಾಸನ ಭಾರತದಲ್ಲಿ ಧರ್ಮರಾಯನಂಥ ಧರ್ಮರಾಯನೇ ನಾಡು, ತಮ್ಮಂದಿರು, ಮಡದಿ ಎಲ್ಲರನ್ನೂ ಒಡ್ಡಿ ಸೋತ ಕತೆಯನ್ನು ನೀವು ಬಲ್ಲಿರಿ.

ಕನ್ನಡದಲ್ಲಿ ಪಣ ಎಂಬ ಮಾತಿಗೆ ಎರಡು ಬಳಕೆಗಳಿವೆ. ಪಣಕ್ಕೆ ಇಡುವುದು ಎಂದರೆ ಇದ್ದುದನ್ನು ಜೂಜಿಗೆ ಒಡ್ಡುವುದು. ಪಣ ತೊಡುವುದು ಎಂದರೆ ಇಲ್ಲದ್ದನ್ನು ದುಡಿದು ಸಾಧಿಸುತ್ತೇನೆಂದು ನಿಶ್ಚಯಿಸುವುದು. ಮೊದಲನೆಯದರಲ್ಲಿ ಫಲ ಎಲೆಯ ಕೈಯಲ್ಲಿದೆ; ಎರಡನೆಯದರಲ್ಲಿ ನಮ್ಮ ಕೈಯಲ್ಲಿದೆ. ವಿದ್ಯಾರ್ಥಿ ಮಿತ್ರರೇ, ಗೂಢಚಾರನ ಚಿತ್ರವನ್ನು ಸಂತೋಷದಿಂದ ನೋಡಿ. ಅವನ ಧೈರ್ಯ, ಚುರುಕು, ದೇಶಪ್ರೇಮಗಳನ್ನು ಮೆಚ್ಚಿ. ಅವನ ಮೇಜನ್ನು ತೆರೆಯ ಮೇಲೆಯೇ ಬಿಟ್ಟು ಬನ್ನಿ. ಪಣಕ್ಕೆ ಇಡಬೇಡಿ, ಪಣ ತೊಡಿ.

ಅಭ್ಯಾಸ

೧. ಗಲ್ಲಾಪೆಟ್ಟಿಗೆಯ ಹಣವೆಲ್ಲ ಲಾಭವಲ್ಲ, ಏಕೆ?
೨. ಕೆಲವು ರೂಲೆಟ್ ಚಕ್ರಗಳಲ್ಲಿ ೩೮ ಮನೆಗಳಿರುತ್ತವೆ. ಎಲ್ಲ ಮನೆಗೂ ನೂರು ರೂಪಾಯಿ ಕಟ್ಟಿದರೆ ಆಡಿಸುವವನಿಗೆ ಉಳಿಯುವುದೆಷ್ಟು?
೩. 'ಪಣಕ್ಕೆ ಇಡು', 'ಪಣ ತೊಡು': ಸ್ವಂತ ವಾಕ್ಯಗಳಲ್ಲಿ ಬಳಸಿರಿ.
೪. ಮುರಗಾಂವ್ ಬಂದರಿನ ೧೯೪೩ರ ಘಟನೆಯನ್ನು ನಿಮ್ಮ ಮಾತಿನಲ್ಲಿ ಮನೆಯವರಿಗೆ ಹೇಳಿರಿ.