ಆರು ಟೈಲ್ಸ್ ರಿಪೇರಿ

ಬೇಸಿಗೆಯ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಪಡಸಾಲೆಯಲ್ಲಿ ‘ಟಪ್’ ಎಂಬ ಸದ್ದು. ಹೋಗಿ ನೋಡಿದರೆ ಎರಡು ಟೈಲ್ಸ್ ಒಂದಕ್ಕೊಂದು ತಲೆ ಕೊಟ್ಟು ಗುಡಾರದ ಹಾಗೆ ಎದ್ದಿದ್ದವು. ಹಾಕುವಾಗ ನಡುವೆ ಸಂದು ಬಿಟ್ಟಿರಲಿಲ್ಲ. ಸೆಕೆಗೆ ಹಿಗ್ಗಿದ್ದಕ್ಕೆ ಮೇಲೇಳುವುದೊಂದೇ ದಾರಿ.

ಕಂಟ್ರಾಕ್ಟರ್ ಬಂದು ನಾಣ್ಯದಿಂದ ಸುತ್ತಲೂ ತಟ್ಟಿ ನೋಡಿದರು. ಗಟ್ಟಿ ಇದ್ದಲ್ಲಿ ‘ಟಿಣ್’, ಟೊಳ್ಳಿದ್ದಲ್ಲಿ ‘ಡಬ್’. “ಆರು ತೆಗೀಬೇಕು ಸಾರ್, ಒಂದೇ ದಿನದ ಕೆಲಸ” ಎಂದರು. 9 ಸಾವಿರಕ್ಕೆ ಮಾತಾಯಿತು. ಎಲ್ಲವೂ ಬಾಯಿಮಾತು.

ಮರುದಿನ ಬಂದ ಹುಡುಗ ಉಳಿ-ಸುತ್ತಿಗೆ ಬದಿಗಿಟ್ಟು ಬ್ರೇಕರ್ ಹಿಡಿದ. ಐದನೆಯ ಟೈಲ್ಸ್ ಬಚ್ಚಲ ಗೋಡೆಗೆ ಅಂಟಿಕೊಂಡದ್ದು. ಅದರಡಿ ನೀರಿನ ಪೈಪಿತ್ತು. ನೀರು ಚಿಮ್ಮಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಚಿಮ್ಮಲಿಲ್ಲ. ಮೇಲೆ ಗಾರೆ ಬಿತ್ತು, ಟೈಲ್ಸ್ ಕೂತಿತು. ಒಂಬತ್ತನೆಯ ದಿನ ಕೆಳಗಿನ ಮನೆಯ ಆಂಟಿ ಬಂದರು: “ನಮ್ಮ ದೇವರಮನೆ ತಾರಸೀಲಿ ತೇವ ಬಂದಿದೆ, ಸ್ವಲ್ಪ ಬಂದು ನೋಡ್ತೀರಾ?” ಬಿಳಿ ಸುಣ್ಣದ ಮೇಲೆ ಚಹಾ ಚೆಲ್ಲಿದ ಹಾಗೆ, ದೋಸೆಯಗಲದ ಕಲೆ.

ಕಂಟ್ರಾಕ್ಟರ್ ಬಳಿ ಉತ್ತರ ಸಿದ್ಧವಿತ್ತು. “ಹಳೇ ಪೈಪು ಸಾರ್, ಇವತ್ತಲ್ಲ ನಾಳೆ ಒಡೀತಿತ್ತು. ಹುಡುಗ ಬೇರೆ ದಿನಗೂಲಿಯವನು.” ನಾನು ಜಗಳಕ್ಕಿಳಿಯದೆ, ಅವರೆದುರೇ ನೆಲ ತೆಗೆಸಿದೆ. ಪೈಪಿನ ಮೇಲೆ ಬ್ರೇಕರ್ ಮೊನೆ ಕಚ್ಚಿದ ಹೊಸ ಗಾಯ, ಅಲ್ಲಿಂದ ಹೊರಟ ಕೂದಲೆಳೆಯಷ್ಟು ಬಿರುಕು. ಫೋಟೊ ತೆಗೆದೆ. ಅವರು ತಣ್ಣಗೆ ಕೇಳಿದರು: “ಪೈಪ್ ಲೈನ್ ಎಲ್ಲಿದೆ ಅಂತ ನೀವು ಹೇಳಿದ್ರಾ?”

ಹೇಳಿರಲಿಲ್ಲ. ಕೊನೆಗೆ ಪೈಪು, ಟೈಲ್ಸ್ ಅವರ ಲೆಕ್ಕ. ಕೆಳಮನೆಯ ಬಣ್ಣ ನನ್ನ ಲೆಕ್ಕ. ಅಷ್ಟಕ್ಕಾದರೂ ಅವರು ಒಪ್ಪಿದ್ದು, ಕೊಡಬೇಕಿದ್ದ 3 ಸಾವಿರ ಇನ್ನೂ ನನ್ನ ಕೈಯಲ್ಲಿದ್ದದ್ದಕ್ಕೆ.

ಆಮೇಲೆ ತಿಳಿದದ್ದು: ಕೂಲಿಯವನನ್ನು ಕರೆತಂದವರು ಕಂಟ್ರಾಕ್ಟರ್, ಹಣ ಪಡೆದವರೂ ಅವರೇ, ಅವನ ಕೈತಪ್ಪಿಗೆ ನಮಗೆ ಉತ್ತರ ಹೇಳಬೇಕಾದವರೂ ಅವರೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಇದನ್ನು ಸೇವಾ ನ್ಯೂನತೆ ಎಂದು 2 ವರ್ಷದೊಳಗೆ ಜಿಲ್ಲಾ ಆಯೋಗದ ಮುಂದೆ ಒಯ್ಯಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅರ್ಜಿ ಶುಲ್ಕವಿಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಆದರೆ ಬಿಲ್ಲು, ಫೋಟೊ, ವಾಟ್ಸ್ಆ್ಯಪ್‌ನಲ್ಲಾದರೂ ಎರಡು ಸಾಲು ಇಲ್ಲದಿದ್ದರೆ ಏನನ್ನು ತೋರಿಸುವುದು?

ಈಗ ಕೆಲಸಕ್ಕೆ ಮೊದಲು ಪೈಪು ಹೋದ ದಾರಿಯನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಸುತ್ತಲಿನ ಟೈಲ್ಸಿನ ಫೋಟೊ ತೆಗೆಯುತ್ತೇನೆ. ಗಾರೆ ಮುಚ್ಚುವ ಮುನ್ನ ನಲ್ಲಿ ಬಿಟ್ಟು ನೋಡಲು ಹೇಳುತ್ತೇನೆ. ರೇಟು ಕೇಳುವುದಕ್ಕೂ ಮೊದಲು ಒಂದು ಮಾತು ಕೇಳುತ್ತೇನೆ: “ಪಕ್ಕದ್ದು ಒಡೆದರೆ ಯಾರ ಖರ್ಚು?” ಆ ಮಾತಿಗೆ ಮುಖ ಗಂಟಿಕ್ಕಿದ ಒಬ್ಬರನ್ನು ಮೊನ್ನೆ ಕಾಫಿ ಕೊಟ್ಟು ಕಳಿಸಿದೆ.